ಪಂಜುರ್ಲಿಯ ಬೆಳ್ಳಿ ಮೊಗ

ಕಲ್ಲಡ್ಕ, ಬಂಟ್ವಾಳದ ಸುತ್ತಮುತ್ತ ದೈವಗಳಿಗೆ ನಡೆಯುವ ನೇಮದ ದಿನ, ದೈವದ ಒಡವೆಗಳನ್ನು ಇಡುವ ಭಂಡಾರದ ಮನೆಯಿಂದ ಹೊರಡುವ ಮೊಗ (ಮುಖವಾಡ), ಕಡ್ಸಲೆ (ಕತ್ತಿ), ಗಗ್ಗರ (ಕಾಲಿನ ಆಭರಣ)ಗಳಲ್ಲಿ ಬೆಳ್ಳಿಯವೂ ಇರುತ್ತವೆ. ಹರಕೆಯಾಗಿ ಬಂದವು ಅವುಗಳಲ್ಲಿ ಹಲವು.

ಕಾಡುಹಂದಿ ರೂಪದ ದೈವ ಪಂಜುರ್ಲಿಯ ಬೆಳ್ಳಿ ಮೊಗವನ್ನು ಹತ್ತಿರದಿಂದ ನೋಡಿ. ಕಾಡುಹಂದಿಯ ಆ ಒರಟು ಕೂದಲು ಅಚ್ಚಿನಲ್ಲಿ ಒತ್ತಿದ್ದಲ್ಲ, ಉಳಿಯ ಪೆಟ್ಟಿನಿಂದ ಮೂಡಿದ್ದು. ಅಕ್ಕಸಾಲಿಗರು ಬೆಳ್ಳಿಯ ತಗಡನ್ನು ಅರಗಿನ ಮೇಲೆ ಕೂರಿಸಿ, ಮೊದಲು ಹಿಂಬದಿಯಿಂದ ಬಡಿದು ಕೆನ್ನೆ, ಮೂತಿಗಳನ್ನು ಉಬ್ಬಿಸುತ್ತಾರೆ. ಆಮೇಲೆ ಮಗುಚಿ, ಮುಂಬದಿಯಿಂದ ಕಣ್ಣು, ಹುಬ್ಬು, ಕೂದಲನ್ನು ಬಿಡಿಸುತ್ತಾರೆ. ಪೆಟ್ಟು ಬಿದ್ದಷ್ಟೂ ಬೆಳ್ಳಿ ಗಡುಸಾಗುತ್ತದೆ. ಬಡಿಯುತ್ತಲೇ ಹೋದರೆ ಬಿರುಕು ಬಿಡುತ್ತದೆ. ಅದಕ್ಕೇ ನಡುನಡುವೆ ತಗಡನ್ನು ಮಂದ ಕೆಂಪಾಗುವಷ್ಟು ಕಾಯಿಸಿ ಮೆದುಗೊಳಿಸಬೇಕು. ಆದರೆ ಕಾವು ಮಿತಿ ಮೀರಬಾರದು: ಶುದ್ಧ ಬೆಳ್ಳಿ ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತಾಮ್ರ ಬೆರೆತದ್ದು ಅದಕ್ಕೂ ಮೊದಲೇ. ಕುಲುಮೆಯ ಮುಂದೆ ಈ ಹದವನ್ನು ಲೋಹದ ಬಣ್ಣ ನೋಡಿಯೇ ಅಳೆಯುತ್ತಾರೆ. ಇಡೀ ಕಸುಬಿನಲ್ಲಿ ಕಲಿಯಲು ಅತಿ ಕಷ್ಟವಾದದ್ದು ಬಹುಶಃ ಇದೇ.

ಮೊಗದ ತಗ್ಗುಗಳಲ್ಲಿ ಕಾಣುವ ಕಪ್ಪು ಬಣ್ಣ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಬೆಳ್ಳಿ ಕಪ್ಪಾಗುತ್ತದೆ. ಗೆರೆಗಳು ಎದ್ದು ಕಾಣುವುದು ಅದರಿಂದ. ಮನೆಯಲ್ಲಿ ಹಳೆಯ ಬೆಳ್ಳಿ ಕೆಲಸವಿದ್ದರೆ ಹೊಳಪಿಗಾಗಿ ಒರಟು ಪುಡಿ ಹಾಕಿ ಉಜ್ಜಬೇಡಿ. ಮೊದಲು ಸವೆಯುವುದು ಉಳಿಯ ಗುರುತುಗಳೇ.