ಮರ್ಸೆನ್ನನ ಅರವತ್ತೇಳು

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಕೇಳುತ್ತ ಹೋಗಿ ಅರಸನ ಕಣಜವನ್ನೇ ಬರಿದು ಮಾಡಿದ ಜಾಣನ ಕತೆ ನಮಗೆಲ್ಲ ಗೊತ್ತು. ಆ ಮಣೆಯಲ್ಲಿ 64ರ ಬದಲು 67 ಮನೆಗಳಿದ್ದಿದ್ದರೆ ಒಟ್ಟು ಕಾಳು 147573952589676412927 ಆಗುತ್ತಿತ್ತು. ಅಂದರೆ, 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ಬರುವ ಸಂಖ್ಯೆ. ಈ ಇಪ್ಪತ್ತೊಂದು ಅಂಕೆಗಳ ಹಿಂದೆ ಎರಡೂವರೆ ಶತಮಾನಗಳ ಚರಿತ್ರೆಯಿದೆ.

1644ರಲ್ಲಿ ಪ್ಯಾರಿಸ್ಸಿನ ಸನ್ಯಾಸಿ ಮರ್ಸೆನ್ ಇಂಥ ಕೆಲವು ಸಂಖ್ಯೆಗಳನ್ನು ಪಟ್ಟಿ ಮಾಡಿ, ಇವು ಅವಿಭಾಜ್ಯಗಳು, ಎಂದರೆ 1 ಮತ್ತು ತಮ್ಮಿಂದಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗವು ಎಂದ. ಪುರಾವೆ ಕೊಡಲಿಲ್ಲ. ನಮ್ಮ ಸಂಖ್ಯೆಯೂ ಆ ಪಟ್ಟಿಯಲ್ಲಿತ್ತು. ಅದು ಅವಿಭಾಜ್ಯವಲ್ಲವೆಂದು ಫ್ರಾನ್ಸಿನ ಲ್ಯೂಕಾ ತೋರಿಸಿದ್ದು 1876ರಲ್ಲಿ, 232 ವರ್ಷಗಳ ಮೇಲೆ. ಸ್ವಾರಸ್ಯವೆಂದರೆ, ಅದನ್ನು ಭಾಗಿಸುವ ಒಂದೇ ಒಂದು ಸಂಖ್ಯೆಯನ್ನೂ ಅವನು ಹೆಸರಿಸಲಿಲ್ಲ. ಅವನ ಪರೀಕ್ಷೆಯ ಬಗೆಯೇ ಹಾಗೆ: ಅಪವರ್ತನಗಳು ಇವೆಯೆನ್ನುತ್ತದೆ, ಯಾವುವೆಂದು ಹೇಳುವುದಿಲ್ಲ.

ಹುಡುಕುವವರಿಗೆ ಒಂದು ಸುಳಿವಿತ್ತು. ಅಪವರ್ತನ ಯಾವುದೇ ಇರಲಿ, ಅದು 134ರ ಯಾವುದಾದರೊಂದು ಗುಣಕಕ್ಕೆ 1 ಕೂಡಿಸಿದ್ದಾಗಿರಬೇಕು. ಆದರೂ ಅಂಥವು ಲಕ್ಷ ಲಕ್ಷ. 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಎರಡು ಸಂಖ್ಯೆಗಳನ್ನು ಮುಂದಿಟ್ಟ: 193707721 ಮತ್ತು 761838257287. ಇವುಗಳ ಗುಣಲಬ್ಧವೇ ನಮ್ಮ ಸಂಖ್ಯೆ. ಮೊದಲನೆಯದು 134ನ್ನು 14,45,580ರಿಂದ ಗುಣಿಸಿ 1 ಕೂಡಿಸಿದ್ದು.

ಕೋಲ್ ಅಂದು ಬಾಯಿ ತೆರೆಯಲೇ ಇಲ್ಲವಂತೆ. ಕರಿಹಲಗೆಯ ಮೇಲೆ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡಿ, ಉತ್ತರ ಒಂದೇ ಎಂದು ತೋರಿಸಿ ಹೋಗಿ ಕುಳಿತನಂತೆ. ಸಭೆ ಚಪ್ಪಾಳೆ ತಟ್ಟಿತಂತೆ. ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದವೆಂದು ಅವನು ಆಮೇಲೆ ಹೇಳಿದ್ದಾಗಿ ಇ. ಟಿ. ಬೆಲ್ ಬರೆದಿದ್ದಾನೆ. ಕತೆಗೆ ಒಂದಿಷ್ಟು ಬಣ್ಣ ಸೇರಿದ್ದರೂ ಸೇರಿರಬಹುದು. ಗುಣಾಕಾರಕ್ಕೆ ಮಾತ್ರ ಯಾರೂ ಬಣ್ಣ ಹಚ್ಚಲಾರರು.

ಒಡೆಯುವುದು ಇಷ್ಟು ಕಷ್ಟ, ಕೂಡಿಸಿ ಕಟ್ಟುವುದು ಅಷ್ಟೇ ಸುಲಭ. ಈ ಅಂತರವನ್ನೇ ನೆಚ್ಚಿಕೊಂಡು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಗುಪ್ತಲಿಪಿಯ ಹೊಸ ಪದ್ಧತಿಯೊಂದನ್ನು ರೂಪಿಸಿದರು. ಅದರ ಬೀಗಗಳಲ್ಲಿರುವುದು ನೂರಾರು ಅಂಕೆಗಳ ಸಂಖ್ಯೆಗಳು.

ನನಗೆ ಹಿಡಿಸುವುದು ಬೇರೆಯೇ ಒಂದು ಸಂಗತಿ. ಮರ್ಸೆನ್ನನ ಮಾತನ್ನು ಅವನ ಹೆಸರಿನ ಮೇಲೆ ನಂಬಬೇಕಿತ್ತು. ಕೋಲನನ್ನು ನಂಬುವ ಅಗತ್ಯವೇ ಇಲ್ಲ. ಗುಣಾಕಾರ ಬಲ್ಲ ಶಾಲೆಯ ಹುಡುಗಿ, ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಸಾಕು.