ವೃಷಣದ ಕ್ಯಾನ್ಸರ್: ಸೊಲ್ಲಾಪುರ ಸೀಮೆಯ ಓದುಗರಿಗಾಗಿ

ಗಂಡಸರು ವೈದ್ಯರ ಮುಂದೆಯೂ ಬಾಯಿಬಿಡಲು ನಾಚುವ ಕಾಯಿಲೆಯೊಂದರ ವಿವರವನ್ನು ಈ ಸಲ ಕೊಡುತ್ತಿದ್ದೇವೆ.

ವೃಷಣದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ನಾರ್ವೆ, ಡೆನ್ಮಾರ್ಕ್ ದೇಶಗಳಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಸುಮಾರು 10 ಮಂದಿಗೆ ಬಂದರೆ, ಭಾರತದಲ್ಲಿ ಒಬ್ಬರಿಗಿಂತಲೂ ಕಡಿಮೆ. ಇಂಥ ಲೆಕ್ಕ ಸಿಗುವುದು ಕ್ಯಾನ್ಸರ್ ನೋಂದಣಿ ಕೇಂದ್ರಗಳಿಂದ. ದೇಶದ ಮೊದಲ ಗ್ರಾಮೀಣ ನೋಂದಣಿ ಕೇಂದ್ರ 1987ರಲ್ಲಿ ಶುರುವಾದದ್ದು ನಮ್ಮ ಜಿಲ್ಲೆಯ ಬಾರ್ಶಿಯಲ್ಲೇ. ಸಿಬ್ಬಂದಿ ಹಳ್ಳಿಗಳಿಗೇ ಹೋಗಿ ವಿಚಾರಿಸಿ ಬರೆದುಕೊಳ್ಳುವ ಪದ್ಧತಿ ಅಲ್ಲಿಯದು. ದಫ್ತರಗಳಲ್ಲೇ ಆಯುಷ್ಯ ಸವೆಸಿದ ನಮಗೆ ಆ ಶ್ರಮದ ಬೆಲೆ ಗೊತ್ತು.

ಅಪರೂಪವೆಂಬುದೇ ಇಲ್ಲಿ ತೊಡಕು. ಕ್ಯಾನ್ಸರ್ ಮುದುಕರಿಗೆ ಬರುವುದೆಂದು ಜನ ತಿಳಿದಿದ್ದಾರೆ. ಇದು ಹೆಚ್ಚಾಗಿ ಬರುವುದು 15ರಿಂದ 40ರ ವಯಸ್ಸಿನವರಿಗೆ. ಬಹುಪಾಲು ಒಂದು ಕಡೆ ನೋವಿಲ್ಲದ ಗಟ್ಟಿ ಗಂಟು, ಇಲ್ಲವೇ ಭಾರ. ನೋವಿಲ್ಲವೆಂದು ತಿಂಗಳುಗಟ್ಟಲೆ ಬಿಡುತ್ತಾರೆ, ಅಥವಾ ಅಂಡವಾಯು ಎಂದುಕೊಳ್ಳುತ್ತಾರೆ. ಗಂಟಿನ ಸುತ್ತ ನೀರೂ ತುಂಬಿರಬಹುದಾದ್ದರಿಂದ ಸೋನೋಗ್ರಫಿ ಮಾಡಿಸದೆ ತೀರ್ಮಾನ ಬೇಡ.

ಈ ಗಂಟುಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ವೀರ್ಯಾಣುವಿನ ಮೂಲ ಜೀವಕೋಶಗಳಿಂದ ಹುಟ್ಟುವಂಥವು. ಅವುಗಳಲ್ಲಿ ಸೆಮಿನೋಮಾ 30 ದಾಟಿದವರಲ್ಲಿ ಹೆಚ್ಚು, ನಿಧಾನವಾಗಿ ಬೆಳೆಯುತ್ತದೆ. ನಾನ್‌ಸೆಮಿನೋಮಾ 20ರ ಹರೆಯದಲ್ಲಿ ಹೆಚ್ಚು, ಬೇಗ ಹರಡುತ್ತದೆ. ಎಂಬ್ರಿಯೋನಲ್ ಕಾರ್ಸಿನೋಮಾ, ಟೆರಟೋಮಾ ಮುಂತಾದವು ಇದರ ಬಗೆಗಳು, ಅನೇಕ ವೇಳೆ ಬೆರೆತೇ ಇರುತ್ತವೆ. 60 ದಾಟಿದವರಲ್ಲಿ ಕಾಣುವುದು ಹೆಚ್ಚಾಗಿ ಲಿಂಫೋಮಾ.

ಮಕ್ಕಳಿರುವವರು ಮುಖ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಕೆಲವು ಗಂಡುಮಕ್ಕಳಿಗೆ ಹುಟ್ಟುವಾಗ ವೃಷಣ ಚೀಲಕ್ಕೆ ಇಳಿದಿರುವುದಿಲ್ಲ. ಆರು ತಿಂಗಳಾದರೂ ಇಳಿಯದಿದ್ದರೆ ಒಂದೂವರೆ ವರ್ಷದೊಳಗೆ ಶಸ್ತ್ರಕ್ರಿಯೆ ಆಗಬೇಕು. ನಮ್ಮ ಕಡೆ "ದೊಡ್ಡವನಾದಂತೆ ಸರಿಹೋಗ್ತದ" ಎಂದು ಬಿಟ್ಟುಬಿಡುವುದುಂಟು. ಹಾಗೆ ಒಳಗೇ ಉಳಿದರೆ ಕ್ಯಾನ್ಸರಿನ ಸಾಧ್ಯತೆ ಹಲವು ಪಟ್ಟು. ಹೊಟ್ಟೆಯೊಳಗೆ ಬೆಳೆಯುವ ಗಂಟು ಕೈಗೂ ಸಿಗದು.

ಸಂಶಯವಿದ್ದಾಗ ಚೀಲಕ್ಕೆ ಸೂಜಿ ಚುಚ್ಚಿಸುವುದು, ಚೀಲ ಕೊಯ್ಯಿಸುವುದು ಸಲ್ಲದು. ಎಎಫ್‌ಪಿ, ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮಾಡಿಸಿದ ಮೇಲೆ ತೊಡೆಸಂದಿಯ ಮೂಲಕ ತೆಗೆಯುವುದೇ ಕ್ರಮ. ಉಳಿದ ಒಂದು ಆರೋಗ್ಯವಾಗಿದ್ದರೆ ಸಂಸಾರಕ್ಕೆ ಸಾಕು. ಬೇಗ ಬಂದವರಲ್ಲಿ 100ಕ್ಕೆ 95ರಷ್ಟು ಜನ ಗುಣವಾಗುತ್ತಾರೆ, ಹರಡಿದ ಮೇಲೂ ಅನೇಕರು ಉಳಿಯುತ್ತಾರೆ. ಇದಕ್ಕೆ ಕಾರಣ 1970ರ ದಶಕದಲ್ಲಿ ಬಂದ ಸಿಸ್‌ಪ್ಲಾಟಿನ್ ಔಷಧ. ಅದನ್ನು ಈ ರೋಗಕ್ಕೆ ಬಳಸಿ ತೋರಿಸಿದವರು ಅಮೆರಿಕದ ಡಾ. ಲಾರೆನ್ಸ್ ಐನ್‌ಹಾರ್ನ್, ಕ್ರಿಕೆಟಿಗ ಯುವರಾಜ್ ಸಿಂಗ್ ಎದೆಯಲ್ಲಿ ಬೆಳೆದಿದ್ದ ಸೆಮಿನೋಮಾಕ್ಕೆ 2012ರಲ್ಲಿ ಚಿಕಿತ್ಸೆ ಪಡೆದದ್ದೂ ಅವರ ಬಳಿಯೇ. ಮದುವೆಯಾಗಬೇಕಾದ ಹುಡುಗರು ಔಷಧ ಶುರುವಾಗುವ ಮೊದಲೇ ವೀರ್ಯ ಕಾಪಿಡುವ ಬಗ್ಗೆ ವೈದ್ಯರನ್ನು ಕೇಳಬೇಕು.

ಮಹಾರಾಷ್ಟ್ರದ ಮಹಾತ್ಮಾ ಜೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಎರಡೂ ಜೊತೆಗಿರಲಿ.