ಗಾಳದ ಎರೆ

'ಆಮಿಷ' ಎಂಬ ಶಬ್ದವನ್ನು ನಗರವಾಸಿಗಳಾದ ನಾವು ವಾರ್ತಾಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತೇವೆ. ಮತದಾರನಿಗೆ ಆಮಿಷ, ಅಧಿಕಾರಿಗೆ ಆಮಿಷ, ಅಂಗಡಿಗೆ ಬಂದ ಗಿರಾಕಿಗೆ ಆಮಿಷ. ಈ ಶಬ್ದದ ಮೊದಲ ಅರ್ಥ ಮಾಂಸ. ಅದರಿಂದ ಹುಟ್ಟಿದ ಅರ್ಥ ಗಾಳಕ್ಕೆ ಚುಚ್ಚಿ ಮೀನಿಗೆ ಒಡ್ಡುವ ಮಾಂಸದ ತುಣುಕು. ಸಂಸ್ಕೃತ ಕವಿಗಳಿಗೂ ನೀತಿಕಾರರಿಗೂ ಈ ಹೋಲಿಕೆ ಬಹು ಪ್ರಿಯವಾದುದು. ಆದರೆ ಗಾಳವನ್ನು ನಿಜವಾಗಿ ಕೈಯಲ್ಲಿ ಹಿಡಿದ ಕನ್ನಡಿಗನಿಗೆ ಈ ಶಬ್ದದ ಅಗತ್ಯವಿರಲಿಲ್ಲ. ಅವನಲ್ಲಿ ತನ್ನದೇ ಆದ ಬೇರೊಂದು ಮಾತಿತ್ತು; ಅದು 'ಎರೆ'.

ಎರೆ ಎಂದರೆ ಪ್ರಾಣಿಯನ್ನು ಸೆಳೆಯಲು ಒಡ್ಡುವ ಆಹಾರ. ತೆಲುಗಿನ 'ಎರ', ತಮಿಳಿನ 'ಇರೈ' ಇದರ ಒಡಹುಟ್ಟಿದವು. ಕೋಲಾರದ ವೇಮಗಲ್ ಸೀಮೆಯಂತಹ, ಕನ್ನಡ ತೆಲುಗುಗಳೆರಡೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುವ ಪ್ರದೇಶದಲ್ಲಿ ಈ ನಂಟು ಯಾರಿಗೂ ಹೊಸದಲ್ಲ. ಮಣ್ಣನ್ನು ತಿಂದು ಮಣ್ಣನ್ನು ಬೆಳೆಸುವ ಹುಳುವಿಗೆ ನಾವು ಎರೆಹುಳು ಎನ್ನುತ್ತೇವೆ. ರೈತನಿಗೆ ಅದು ಮಾಡುವ ಉಪಕಾರ ದೊಡ್ಡದು. ಆದರೂ ಅದರ ಹೆಸರಿನೊಳಗೆ ಕೇಳಿಬರುತ್ತಿರುವುದು ಗಾಳಗಾರನ ದನಿ. ಕೆರೆಯ ದಂಡೆಯ ಮೇಲೆ ಕುಳಿತವನು ಒಂದು ಜೀವಿಗೆ ಹೆಸರಿಟ್ಟನು. ಅದನ್ನೇ ಇಡೀ ನಾಡು ಒಪ್ಪಿಕೊಂಡಿತು.

ಈ ಎರೆಯ ಚರಿತ್ರೆಯನ್ನು ಸ್ವಲ್ಪ ವಿಚಾರಿಸೋಣ. ಮೀನನ್ನು ಉಣ್ಣದವರಿಗೂ ಇದರಲ್ಲಿ ತಿಳಿಯತಕ್ಕ ವಿಷಯವುಂಟು. ಏಕೆಂದರೆ ಇದು ಮೀನಿನ ರುಚಿಯನ್ನು ಕುರಿತುದಲ್ಲ, ನೀರನ್ನು ನೋಡುವ ಕಣ್ಣನ್ನು ಕುರಿತುದು.

ನಮ್ಮ ನಾಡಿನಲ್ಲಿ ಗಾಳದ ವಿದ್ಯೆಗೆ ದೊರೆತ ಅತಿ ಹಳೆಯ ವಿಸ್ತಾರವಾದ ಬರವಣಿಗೆ ಒಬ್ಬ ಚಕ್ರವರ್ತಿಯದು. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ಮಹಾಗ್ರಂಥವನ್ನು ರಚಿಸಿದನು. ರಾಜನಾದವನು ತಿಳಿದಿರಬೇಕಾದ ಸಕಲ ವಿಷಯಗಳನ್ನೂ ಐದು ವಿಂಶತಿಗಳಾಗಿ, ಒಂದೊಂದು ವಿಂಶತಿಯಲ್ಲಿ ಇಪ್ಪತ್ತು ಅಧ್ಯಾಯಗಳಂತೆ, ಅದರಲ್ಲಿ ಅಳವಡಿಸಿದ್ದಾನೆ. ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಅದರ ಮೊದಲ ಸಂಪುಟ 1925ರಲ್ಲಿಯೂ ಎರಡನೆಯದು 1939ರಲ್ಲಿಯೂ ಅಚ್ಚಾದುವು. ಅರಸರ ವಿನೋದಗಳನ್ನು ಹೇಳುವ ಭಾಗದಲ್ಲಿ 'ಮತ್ಸ್ಯವಿನೋದ'ವೆಂಬುದೊಂದು. ಸಮುದ್ರದ ಮೀನು, ಸಿಹಿನೀರಿನ ಮೀನು, ಪೊರೆಯುಳ್ಳದ್ದು, ಪೊರೆಯಿಲ್ಲದ್ದು, ದೊಡ್ಡದು, ಸಣ್ಣದು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಮೇವು ಎಂಬುದನ್ನೂ, ಗಾಳ ದಾರ ಕೋಲುಗಳ ವಿಚಾರವನ್ನೂ ಅಲ್ಲಿ ಹೇಳಿದೆ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನದ ಬೆಳಕಿನಲ್ಲಿ ವಿಮರ್ಶಿಸಿದ ಮೇಲೆ ವಿದ್ವಾಂಸರ ಗಮನ ಅದರ ಕಡೆಗೆ ಹರಿಯಿತು.

ಸೋಮೇಶ್ವರನು ಹೇಳುವ ಮೇವು ಬಹುಮಟ್ಟಿಗೆ ಅರಮನೆಯ ಅಡಿಗೆಮನೆಯಿಂದ ಬರತಕ್ಕದ್ದು: ಎಳ್ಳು, ಹಿಟ್ಟು, ಅನ್ನ, ಮಾಂಸ, ಇವುಗಳ ಉಂಡೆ. ಮೀನುಗಳಿಗೆ ಮೊದಲು ಮೇವು ಹಾಕಿ ರೂಢಿಮಾಡಿಸಿ, ಆಮೇಲೆ ಅರಸನು ವಿನೋದಕ್ಕಾಗಿ ಗಾಳ ಹಾಕಬೇಕು. ಇದು ನಿಜವಾಗಿ ಆಮಿಷ. ಅಡಿಗೆಯವನೂ ಆಳುಕಾಳುಗಳೂ ಇರುವವನಿಗೆ ಈ ಮಾರ್ಗ ಸುಲಭ. ಏನೂ ಇಲ್ಲದವನು ಏನು ಮಾಡಬೇಕು? ಆ ಹೊತ್ತಿನಲ್ಲಿ ಆ ನೀರಿನ ಸುತ್ತ ಹಾರುವುದನ್ನೂ ಹರಿದಾಡುವುದನ್ನೂ ಹಿಡಿದು ಒಡ್ಡಬೇಕು. ಹುಳುವಿನ ಎರೆ ಹುಟ್ಟುವುದು ಇಲ್ಲಿ.

ಈ ಮಾರ್ಗ ನಮ್ಮೊಬ್ಬರದೇ ಅಲ್ಲ. ಸುಮಾರು ಕ್ರಿ. ಶ. 200ರಲ್ಲಿ ಈಲಿಯನ್ ಎಂಬ ರೋಮನ್ ಗ್ರಂಥಕರ್ತನು ಮ್ಯಾಸಿಡೋನಿಯಾದ ಬೆಸ್ತರ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ಒಂದು ಹೊಳೆಯ ಮೀನುಗಳು ನೀರಿನ ಮೇಲೆ ಹಾರುವ ಒಂದು ನೊಣವನ್ನು ಹಾರಿ ಹಿಡಿಯುತ್ತಿದ್ದುವು. ಆದರೆ ಆ ನೊಣವನ್ನು ಮನುಷ್ಯನು ಕೈಯಿಂದ ಮುಟ್ಟಿದೊಡನೆ ಅದರ ಬಣ್ಣ ಕೆಡುತ್ತಿತ್ತು. ಆದುದರಿಂದ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಎರಡು ಗರಿಗಳನ್ನು ಕಟ್ಟಿ, ನೊಣದ ವೇಷವನ್ನೇ ನೀರಿಗೆ ಬಿಡುತ್ತಿದ್ದರು. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ಗಾಳದ ಗ್ರಂಥದಲ್ಲಿ 'ಚಬ್' ಎಂಬ ಮೀನಿಗೆ ಮಿಡತೆಯನ್ನು ಹೇಳಿದ್ದಾನೆ. ಉತ್ತರ ಅಮೆರಿಕಾದಲ್ಲಿ 'ಬಾಸ್' ಎಂಬ ಮೀನಿನ ವಿಷಯವಾಗಿ 1881ರಲ್ಲಿ ಡಾಕ್ಟರ್ ಹೆನ್ಷಲ್ ಎಂಬವರು ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಹೊಳೆಯ ಕಲ್ಲುಗಳ ಅಡಿಯಲ್ಲಿ ಬೆಳೆಯುವ ಡಾಬ್ಸನ್ ನೊಣದ ಮರಿ, ಮಿಡತೆ, ಜೀರುಂಡೆ, ಇವು ಆ ನಾಡಿನ ಗಾಳಗಾರರಿಗೆ ಬಾಸ್ ಮೀನನ್ನು ಒದಗಿಸುವ ಎರೆಗಳು. ಅಲ್ಲಿ ಹುಳುವಿನ ಜ್ಞಾನ ಬರವಣಿಗೆಗೆ ಇಳಿಯಿತು. ಅಂಗಡಿಯ ಸರಕೂ ಆಯಿತು.

ನಮ್ಮಲ್ಲಿ ಹಾಗಾಗಲಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ ಮಂಗಳೂರಿನಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥವನ್ನೂ, 1887ರಲ್ಲಿ ಕೆರೆಗಳ ಗಾಳಗಾರಿಕೆಯನ್ನೇ ಕುರಿತು ಇನ್ನೊಂದನ್ನೂ ಪ್ರಕಟಿಸಿದರು. ಅವು ಇಂಗ್ಲಿಷಿನಲ್ಲಿ, ಇಂಗ್ಲಿಷರಿಗಾಗಿ ಬರೆದವು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ ಒಂದು ರೆಗ್ಯುಲೇಷನ್ನನ್ನು ಜಾರಿಗೆ ತಂದಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಪಿಲಾ ನದಿಯಲ್ಲಿ 120 ಪೌಂಡ್ ತೂಕದ ಮಹಸೀರ್ ಮೀನನ್ನು ಹಿಡಿದುದು ಇಂದಿಗೂ ಹೇಳಿಕೊಳ್ಳುವ ದಾಖಲೆ. ಹೀಗೆ ದೊರೆಯ ವಿನೋದ, ದೊರೆಗಳ ಶಿಕಾರಿ, ದೊಡ್ಡ ಮೀನಿನ ತೂಕ ಇವೆಲ್ಲ ಕಾಗದಕ್ಕೆ ಬಂದುವು. ಕೆರೆಯ ಏರಿಯ ಮೇಲೆ ಬಿದಿರು ಕೋಲನ್ನು ಹಿಡಿದು ಕುಳಿತವನ ಎರೆಯ ಶಾಸ್ತ್ರ ಬಾಯಿಂದ ಬಾಯಿಗೆ ಮಾತ್ರ ನಡೆಯಿತು.

ಈ ಶಾಸ್ತ್ರವನ್ನು ಅರಿಯಲು ಕೋಲಾರಕ್ಕಿಂತ ಯೋಗ್ಯವಾದ ಸೀಮೆ ವಿರಳ. ವರ್ಷವಿಡೀ ಹರಿಯುವ ನದಿ ಅಲ್ಲಿ ಒಂದೂ ಇಲ್ಲ. ಪಾಲಾರ್ ಹೆಸರಿಗೆ ನದಿ. ಮಳೆ ಬಂದಾಗ ಮಾತ್ರ ನೀರು. ವರ್ಷಕ್ಕೆ ಬೀಳುವ ಸುಮಾರು 700ರಿಂದ 750 ಮಿಲಿಮೀಟರ್ ಮಳೆಯನ್ನು ಹಿಡಿದಿಡಲು ನಮ್ಮ ಹಿರಿಯರು ಒಂದರ ಕೆಳಗೊಂದು ಕೆರೆಯನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ರೈಸ್ ಅವರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಕೆರೆ ಕಟ್ಟಿಸಿದವರ ಹೆಸರು, ತೂಬು, ಬಿಟ್ಟ ಭೂಮಿ, ಇವು ಕಲ್ಲಿನ ಮೇಲೆ ಉಳಿದಿವೆ. ಆ ಕೆರೆಗಳಲ್ಲಿ ನೀರು, ಹುಳು, ಮೀನು ಮೂರೂ ಒಂದೇ ಮಳೆಯನ್ನು ನಂಬಿ ಬದುಕಿದುವು.

ಅಮೆರಿಕಾದ ಬಾಸ್ ನಮ್ಮ ನಾಡಿನ ಮೀನಲ್ಲ. ಆದರೆ ಅದರ ಸ್ಥಾನದಲ್ಲಿ ನಮ್ಮ ಕೆರೆಗಳಲ್ಲಿ ಕೊರಮೀನು ಉಂಟು. ಎರಡೂ ಜೊಂಡಿನ ಮರೆಯಲ್ಲಿ ಅಲುಗಾಡದೆ ನಿಂತು, ಹತ್ತಿರ ಬಂದುದರ ಮೇಲೆ ಒಮ್ಮೆಲೇ ಎರಗತಕ್ಕವು. ಎರಡೂ ತಮ್ಮ ಮರಿಗಳನ್ನು ಕಾಯುತ್ತವೆ: ಬಾಸಿನಲ್ಲಿ ತಂದೆ ಕಾಯುತ್ತದೆ, ಕೊರಮೀನಿನಲ್ಲಿ ತಂದೆತಾಯಿಗಳು. ಕೊರಮೀನಿಗೆ ಇನ್ನೊಂದು ವಿಶೇಷವುಂಟು. ಅದು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಉಸಿರಾಡುತ್ತದೆ. ಆದುದರಿಂದಲೇ ಕೆರೆ ಬತ್ತಿ ಕೆಸರಾದರೂ ಕೆಲವು ಕಾಲ ಜೀವ ಹಿಡಿದಿರಬಲ್ಲುದು. ಹೀಗೆ ಮೇಲಕ್ಕೆ ಬರುವ ಮೀನಿಗೆ ಮೇಲೆ ತೇಲುವ ಎರೆಯೇ ತಕ್ಕುದು.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಈ ಎರೆಗಳನ್ನು ನೋಡೋಣ. ಭರಣಿಯಿಂದ ರೋಹಿಣಿಯವರೆಗೆ ಮೊದಲ ಹದವಾದ ಮಳೆ ಬಿದ್ದು ನೆಲ ನೆನೆದ ಸಂಜೆ, ಹೊಲಗಳ ಮಣ್ಣಿನೊಳಗಿಂದ ಕಂದು ಬಣ್ಣದ ದುಂಬಿಗಳು ಗುಂಪುಗುಂಪಾಗಿ ಎದ್ದು, ಬೇವು ಜಾಲಿ ಮರಗಳಿಗೆ ಮುತ್ತುತ್ತವೆ. ಬೆಳಗಾಗುವುದರೊಳಗೆ ಮತ್ತೆ ನೆಲಕ್ಕೆ ಇಳಿಯುತ್ತವೆ. ಇವುಗಳ ಮರಿಯೇ ಬೆಳೆಯ ಬೇರನ್ನು ಕತ್ತರಿಸುವ ಗೊಣ್ಣೆಹುಳು. ರೈತನ ವೈರಿ ಗಾಳಗಾರನಿಗೆ ಬಂಧು. ದುಂಬಿಯ ಗಡಸು ಹೊದಿಕೆಯ ಕೆಳಗೆ ಗಾಳಿ ನಿಲ್ಲುವುದರಿಂದ ಅದು ಮುಳುಗದು. ಬೆನ್ನಿನ ಗುರಾಣಿಯ ಅಂಚಿಗೆ ಮಾತ್ರ ಗಾಳದ ಮೊನೆಯನ್ನು ಹಾಯಿಸಿದರೆ ಜೀವದಿಂದಿದ್ದು, ಕಾಲುಗಳನ್ನು ಬಡಿದು ನೀರಿನಲ್ಲಿ ಸಣ್ಣ ಅಲೆಗಳನ್ನು ಎಬ್ಬಿಸುತ್ತದೆ. ಬೆಂಡೂ ಬೇಡ, ಸೀಸದ ಗುಂಡೂ ಬೇಡ. ಗೊಣ್ಣೆಹುಳು ಮೆತ್ತನೆಯದು, ಮೆಲ್ಲನೆ ತಳಕ್ಕೆ ಇಳಿಯುತ್ತದೆ. ಅದಕ್ಕೆ ಬೆಂಡು ಬೇಕು.

ಅದೇ ದಿನಗಳಲ್ಲಿ ಹುತ್ತಗಳಿಂದ ಈಸಲುಹುಳು ಏಳುತ್ತದೆ. ಒಂದೆರಡು ಗಳಿಗೆಯ ಹಾರಾಟ, ಆಮೇಲೆ ರೆಕ್ಕೆ ಉದುರಿ ನೆಲದ ಪಾಲು, ನೀರಿನ ಪಾಲು. ನೀರಿನ ಮೇಲೆ ಬಿದ್ದುದನ್ನು ಗೆಂಡೆ ಮೊದಲಾದ ಸಣ್ಣ ಮೀನುಗಳು ಹಬ್ಬದೂಟದಂತೆ ತಿನ್ನುತ್ತವೆ. ಆಗ ಸಣ್ಣ ಗಾಳಕ್ಕೆ ನಾಲ್ಕೈದು ಈಸಲನ್ನು ಒಟ್ಟಿಗೆ ಪೋಣಿಸಬೇಕು. ಹಿಂಗಾರು ಕಳೆದು, ಸ್ವಾತಿ ವಿಶಾಖೆಗಳು ಮುಗಿದು ರಾಗಿ ಕೊಯ್ಲಿಗೆ ಬರುವಾಗ ಮಿಡತೆಯ ಕಾಲ. ಹುಲ್ಲಿನಿಂದ ನೆಗೆದ ಮಿಡತೆ ನೀರಿಗೆ ಬೀಳುವುದು ಮೀನಿಗೆ ದಿನದ ಅನುಭವ. ಅದೇ ರೀತಿಯಲ್ಲಿ ಬಿದ್ದ ಎರೆಯನ್ನು ಅದು ಸಂಶಯಿಸದು. ಬೇರೆ ಏನೂ ಸಿಕ್ಕದ ದಿನಗಳಲ್ಲಿ ಗದ್ದೆಯ ಬದುವಿನ ಎರೆಹುಳು, ಮುದ್ದೆಯ ರಾಗಿಹಿಟ್ಟು ಇದ್ದೇ ಇವೆ. ಎಂದರೆ ಎರೆಯನ್ನು ಆರಿಸುವವನು ಮಳೆಯನ್ನೂ ಮಣ್ಣನ್ನೂ ಬೆಳೆಯನ್ನೂ ಮೀನಿನ ಹಸಿವನ್ನೂ ಒಟ್ಟಿಗೆ ಓದುತ್ತಾನೆ.

ಈ ಸೀಮೆಯಲ್ಲಿ ಮನುಷ್ಯನೇ ಸಾಕುವ ಒಂದು ಹುಳುವೂ ಉಂಟು. ಕೋಲಾರ ರೇಷ್ಮೆಯ ನಾಡು. ರೇಷ್ಮೆಯ ಒಂದು ಮಿಶ್ರತಳಿಗೆ 'ಕೋಲಾರ್ ಗೋಲ್ಡ್' ಎಂದೇ ಹೆಸರು. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ರೇಷ್ಮೆಗೂಡಿನ ದೊಡ್ಡ ಪೇಟೆ. ಗೂಡನ್ನು ಬಿಸಿನೀರಿನಲ್ಲಿ ಹಾಕಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವಿನಲ್ಲಿ, ಒಣಗಿಸಿದಾಗ, ಸುಮಾರು ಅರ್ಧ ಪಾಲು ಸಸಾರಜನಕವೂ ಕಾಲು ಪಾಲಿನಷ್ಟು ಕೊಬ್ಬೂ ಇರುತ್ತವೆ. ಜಪಾನಿನ ಗಾಳಗಾರರು ಕಾರ್ಪ್ ಮೀನಿಗೆ ಈ ಹುಳುವನ್ನು ಬಹುಕಾಲದಿಂದ ಬಳಸಿದ್ದಾರೆ. ಚೀನಾದ ಪರ್ಲ್ ನದಿಯ ಮುಖಜ ಭೂಮಿಯಲ್ಲಿ ಕೊಳದ ದಂಡೆಯ ಮೇಲೆ ಹಿಪ್ಪುನೇರಳೆ, ಅದರ ಎಲೆ ರೇಷ್ಮೆಹುಳುವಿಗೆ, ಹುಳುವಿನ ಕಸ ಮೀನಿಗೆ, ಮೀನಿನ ಕೊಳದ ಕೆಸರು ಮತ್ತೆ ಹಿಪ್ಪುನೇರಳೆಗೆ ಎಂಬ ಚಕ್ರ ಶತಮಾನಗಳ ಕಾಲ ನಡೆಯಿತು. ಹಿಪ್ಪುನೇರಳೆಯೂ ಕೆರೆಯೂ ಅಕ್ಕಪಕ್ಕದಲ್ಲಿರುವ ನಮ್ಮ ಸೀಮೆಗೆ ಇದು ಆಲೋಚಿಸತಕ್ಕ ವಿಷಯ.

ಈಗ ಈ ವ್ಯವಸ್ಥೆಯಲ್ಲಿ ಏನಾಗಿದೆ ಎಂಬುದನ್ನು ನೋಡಬೇಕು. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ, ಜನರ ಬಾಯಲ್ಲಿ ಜಿಲೇಬಿ ಮೀನು, ಕೆರೆಕೆರೆಗೂ ಹಬ್ಬಿತು. ಆಫ್ರಿಕಾದ ಕ್ಯಾಟ್‌ಫಿಷ್ ಸಾಕುವುದನ್ನು 2000ದಲ್ಲಿಯೇ ನಿಷೇಧಿಸಿದ್ದರೂ ಅದರ ಹಾವಳಿ ನಿಂತಿಲ್ಲ. ಇದಕ್ಕಿಂತ ದೊಡ್ಡ ಬದಲಾವಣೆ 2018ರದು. ವರ್ಷಗಟ್ಟಲೆ ಬತ್ತಿ ಜಾಲಿ ಬೆಳೆದಿದ್ದ ಕೋಲಾರದ ಕೆರೆಗಳಿಗೆ ಆ ವರ್ಷ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯಿಂದ, ಎರಡನೆಯ ಹಂತದವರೆಗೆ ಶುದ್ಧಿಮಾಡಿದ ಕೊಳಚೆನೀರು ಕೊಳವೆಯ ಮೂಲಕ ಬಂದಿತು. ಬತ್ತಿದ ಬಾವಿಗಳನ್ನು ಕಂಡವರಿಗೆ ಅದು ಸಣ್ಣ ಸಂಗತಿಯಲ್ಲ. ನೀರಿನ ಗುಣದ ವಿಷಯದಲ್ಲಿ ಎದ್ದ ಚರ್ಚೆಯೂ ಸಣ್ಣದಲ್ಲ. ಆದರೆ ಗಾಳದ ಚರಿತ್ರೆಯನ್ನು ಹಿಡಿದು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: ಕೆರೆಯ ನೀರು ಮಳೆಯಿಂದ ಬೇರೆಯಾಯಿತು. ನೀರು ಈಗ ಕಡುಬೇಸಗೆಯಲ್ಲಿಯೂ ಬರಬಹುದು. ದುಂಬಿಯೂ ಈಸಲೂ ಇನ್ನೂ ಭರಣಿ ರೋಹಿಣಿಗಳ ಮಳೆಯನ್ನೇ ಕಾಯುತ್ತಿವೆ. ಇತ್ತ ನರಸಾಪುರ ವೇಮಗಲ್‌ಗಳ ಕಡೆ ಕೈಗಾರಿಕೆಗಳು ಎದ್ದು, ರಾತ್ರಿಯ ಕತ್ತಲೆ ತೆಳ್ಳಗಾಗಿದೆ. ದೀಪಕ್ಕೆ ಮುತ್ತುವುದು ಹುಳುವಿನ ಸ್ವಭಾವ. ಕೆರೆಯ ಮೇಲೆ ಹಾರಬೇಕಾದುದು ದೀಪದ ಕಂಬದ ಕೆಳಗೆ ಬಿದ್ದರೆ ಬೆಳಿಗ್ಗೆ ಪೊರಕೆಯ ಪಾಲು. ನೀರಿದ್ದು, ಮೀನಿದ್ದು, ಅವೆರಡರ ನಡುವಿನ ಕೊಂಡಿ ಮಾತ್ರ ಸಡಿಲವಾಗುವ ಸ್ಥಿತಿ ಇದು.

ಇದನ್ನು ಮೊದಲು ಗಮನಿಸತಕ್ಕವನು ದಂಡೆಯ ಮೇಲೆ ಕುಳಿತ ಗಾಳಗಾರನೇ. ಯಾವ ಹುಳು ಈ ವರ್ಷ ತಡವಾಗಿ ಎದ್ದಿತು, ಯಾವುದು ಏಳಲೇ ಇಲ್ಲ, ಯಾವ ಎರೆಯನ್ನು ಮೀನು ಮೂಸಿ ಬಿಟ್ಟಿತು ಎಂಬುದನ್ನು ಅವನು ಯಂತ್ರವಿಲ್ಲದೆ ಬಲ್ಲನು. ಆದರೆ ಈ ತಿಳಿವಳಿಕೆ ಇರುವವರು ಬಹುಮಟ್ಟಿಗೆ ವಯಸ್ಸಾದವರು. ಅವರ ಮಕ್ಕಳು ಕಾರ್ಖಾನೆಯ ಬಸ್ಸನ್ನು ಹತ್ತುತ್ತಾರೆ. ಸೋಮೇಶ್ವರನ ಉಂಡೆಗಳ ವಿವರ ಎಂಟುನೂರ ತೊಂಬತ್ತು ವರ್ಷಗಳಾದರೂ ಉಳಿಯಿತು, ಏಕೆಂದರೆ ಅದನ್ನು ಬರೆದಿಟ್ಟರು. ಕೋಲಾರದ ಎರೆಯ ಪಂಚಾಂಗವನ್ನು ಬರೆಯಲು ಚಕ್ರವರ್ತಿಯೇನೂ ಬೇಕಾಗಿಲ್ಲ. ಊರ ಶಾಲೆಯ ಒಂದು ತರಗತಿ, ಒಂದು ಪುಸ್ತಕ, ಒಂದು ವರ್ಷದ ಮಳೆ ನಕ್ಷತ್ರಗಳು, ಇಷ್ಟು ಸಾಕು: ಹುಳುವಿನ ಹೆಸರು, ಅದು ಎದ್ದ ದಿನ, ಅದನ್ನು ಕಚ್ಚಿದ ಮೀನು. ಆ ಪಟ್ಟಿಯಲ್ಲಿ ಕಾಣುವುದು ಕೆರೆಯ ಆರೋಗ್ಯವೇ. ನಗರದ ನೀರು ಆ ಕೆರೆಗಳಿಗೆ ಹೋಗುತ್ತಿರುವಾಗ ಅದನ್ನು ಓದಿ ತಿಳಿಯುವ ಹೊಣೆ ನಗರದವರಾದ ನಮಗೂ ಸೇರಿದುದು.